ಅಪ್ಪನ ಬ್ಯಾಗಿಗೆ ಕೊಬ್ಬರಿ ಎಣ್ಣೆ

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನದು, ಬೀರುವಿನೊಳಗಿನದು ಎಲ್ಲವೂ ಹಾಲಿಗೆ ಬಂದು ಬೀಳುತ್ತದೆ. ಮೂರು ವರ್ಷದ ಹಿಂದೆ ಹಾಗೆ ಇಳಿಸುವಾಗ ಅಪ್ಪನ ಆಫೀಸ್ ಬ್ಯಾಗು ಸಿಕ್ಕಿತು. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದ ಕಾಲದ್ದು. ಕಂದು ಬಣ್ಣದ ದಪ್ಪ ಚರ್ಮ, ಹಿತ್ತಾಳೆ ಬಕಲು. ಅದರ ಮೇಲೆಲ್ಲ ಬೂಷ್ಟು, ಯಾರೋ ಅಕ್ಕಿಹಿಟ್ಟು ಚೆಲ್ಲಿದ ಹಾಗೆ.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಚರ್ಮ ಒಣಕಲಾಗಿ ಕಂಡಿತು. ಒಣಗಿದ್ದಕ್ಕೆ ಎಣ್ಣೆ ಅಲ್ವಾ? ಅಜ್ಜಿ ಎಕ್ಕಡಕ್ಕೆ ಎಣ್ಣೆ ಹಚ್ಚುತ್ತಿದ್ದದ್ದು ನೆನಪಿತ್ತು. ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಧಾರಾಳವಾಗಿ ಬಳಿದೆ. ಬ್ಯಾಗು ಹೊಚ್ಚ ಹೊಸದರಂತೆ ಮಿಂಚಿತು. ಕುಂಕುಮ ಇಟ್ಟು, ಪೂಜೆ ಮುಗಿಸಿ, ಧೂಳು ಕೂರದಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿಗೆ ಸೇರಿಸಿದೆ.

ಡಿಸೆಂಬರಿನ ಒಂದು ಬೆಳಗ್ಗೆ ತೆಗೆದು ನೋಡಿದರೆ ಮತ್ತೆ ಬಿಳಿ.

ದೇವರಾಜ ಮಾರುಕಟ್ಟೆಯ ಹತ್ತಿರ ಕೂತು ಚಪ್ಪಲಿ, ಬ್ಯಾಗು ಹೊಲಿಯುವ ಅಣ್ಣ ಒಬ್ಬರಿದ್ದಾರೆ. ಅವರ ಬಳಿ ಒಯ್ದೆ. ಅವರು ಬ್ಯಾಗನ್ನು ಮೂಸಿ ನೋಡಿದರು. ಬಿಳಿ ಇದ್ದ ಜಾಗದ ಮೇಲೆ ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಬೆರಳು ತೆಗೆದಾಗ ಆ ಜಾಗದಲ್ಲಿ ಬಿಳಿ ಮಾಯ.

"ಇದು ಬೂಷ್ಟಲ್ಲ ಕಣಕ್ಕ, ನೀವು ಬಳ್ದಿರೋ ಎಣ್ಣೆ" ಎಂದರು. ಆಮೇಲೆ ಮುಚ್ಚಳ ಎತ್ತಿ, ಒಳಮಡಿಕೆಯಲ್ಲಿ ಬಿಳಿಯಿಂದ ಹಸಿರಿಗೆ ತಿರುಗುತ್ತಿದ್ದ ಇನ್ನೊಂದು ಮಚ್ಚೆ ತೋರಿಸಿದರು. "ಬೂಷ್ಟು ಇಲ್ಲಿದೆ ನೋಡಿ."

ಒಂದೇ ಬ್ಯಾಗಿನ ಮೇಲೆ ಎರಡು ಬಿಳಿ, ಎರಡಕ್ಕೂ ಕಾರಣ ನಾನೇ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಚರ್ಮ ಅಂದರೆ ಏನು ಎಂಬಲ್ಲಿಂದಲೇ ಶುರು ಮಾಡಬೇಕು.

ಪ್ರಾಣಿಯ ಹಸಿ ತೊಗಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಹಳೇ ಗೋಣಿಚೀಲದ ನೂಲು ಒಂದಕ್ಕೊಂದು ಸಿಕ್ಕಿಕೊಂಡ ಹಾಗೆ ಈ ನಾರುಗಳು ಹೆಣೆದುಕೊಂಡಿರುತ್ತವೆ. ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಸುಮ್ಮನೆ ಒಣಗಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗುತ್ತದೆ. ಕೊಳೆಯಲೂಬಾರದು, ಹಲಗೆಯೂ ಆಗಬಾರದು. ಅದಕ್ಕೆ ಮಾಡುವ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಹದ ಮಾಡುವುದು. ಅಡುಗೆಗೆ, ಪಾಕಕ್ಕೆ, ಉಳುವ ಮಣ್ಣಿಗೆ ಹೇಳುವ ಅದೇ ಹದ.

ನಮ್ಮ ಕಡೆ ಹಿಂದೆ ಹದ ಮಾಡುತ್ತಿದ್ದದ್ದು ಗಿಡಮರದ ಒಗರಿನಿಂದ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿರುತ್ತೀರಿ. ಕೆಲವರು ಆವರಿಕೆ ಅನ್ನುತ್ತಾರೆ. ದಕ್ಷಿಣ ಭಾರತದ ಚರ್ಮಕ್ಕೆ ಹೆಸರು ತಂದದ್ದು ಅದರ ತೊಗಟೆ. ಜೊತೆಗೆ ಅಳಲೆಕಾಯಿ. ಇವೆರಡರಲ್ಲೂ ಟ್ಯಾನಿನ್ ಎಂಬ ಒಗರು ಪದಾರ್ಥ ತುಂಬಿದೆ. ಅಳಲೆಕಾಯಿ ಕಚ್ಚಿದರೆ ಬಾಯಿ ಬಿಗಿದುಕೊಳ್ಳುತ್ತದಲ್ಲ, ನಾಲಗೆಯ ಮೇಲೆ ಆಗುವ ಆ ಕೆಲಸವೇ ತೊಗಲಿನ ನಾರಿನಲ್ಲೂ ಆಗುತ್ತದೆ. ಟ್ಯಾನಿನ್ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಇದಕ್ಕೆ ವಾರಗಟ್ಟಲೆ ಬೇಕು.

ಇನ್ನೊಂದು ದಾರಿ ಕ್ರೋಮಿಯಂ ಉಪ್ಪು. ಇದರಲ್ಲಿ ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಚರ್ಮವೂ ಮೆತ್ತಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನು ಮದ್ರಾಸಿನಲ್ಲಿ ಪ್ರಯೋಗ ಮಾಡಿ ಬೆಳೆಸಿದವರು ಆಲ್ಫ್ರೆಡ್ ಚಾಟರ್ಟನ್ ಎಂಬ ಬ್ರಿಟಿಷ್ ಎಂಜಿನಿಯರ್. ಅವರು ಮಾಡಿಸಿದ ವಸ್ತುಗಳಲ್ಲಿ ಬಾವಿಯಿಂದ ನೀರೆತ್ತುವ ಚರ್ಮದ ಬಾನಿಯೂ ಒಂದು. ಆಮೇಲೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಚಾಟರ್ಟನ್ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಇವತ್ತು ಅಂಗಡಿಯಲ್ಲಿ ಸಿಗುವ ಶೂ, ಬ್ಯಾಗು, ಪರ್ಸಿನ ಚರ್ಮ ಬಹುಪಾಲು ಕ್ರೋಮ್ ಹದದ್ದೇ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಒಳಗಿನವರೆಗೂ ಇಳಿದಿಲ್ಲದಿದ್ದರೆ, ಕ್ರೋಮ್ ಚರ್ಮದ ನಡುವೆ ತೆಳು ನೀಲಿ–ಬೂದು ಗೆರೆ ಕಾಣುತ್ತದೆ. ತೊಗಟೆಯಲ್ಲಿ ಹದ ಮಾಡಿದ್ದು ಒಳಗೂ ಕಂದು.

ಹದ ಎಂದರೆ ಇಷ್ಟೇ ಅಲ್ಲ. ಕಾರ್ಖಾನೆಯಲ್ಲಿ ಕೊನೆಗೆ ಚರ್ಮಕ್ಕೆ ಎಣ್ಣೆ ಕುಡಿಸುತ್ತಾರೆ. ನಾರುಗಳು ಒಂದರ ಮೇಲೊಂದು ಜಾರಬೇಕು, ಆಗಲೇ ಮಡಿಸಿದರೂ ಬಿರಿಯುವುದಿಲ್ಲ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಆ ಎಣ್ಣೆ ನೀರಿನ ಜೊತೆ ಬೆರೆತು ನಾರಿನ ಒಳಗಿನವರೆಗೆ ಹೋಗುವಂತೆ ಮೊದಲೇ ಸಿದ್ಧ ಮಾಡಿದ್ದು. ಹರಳೆಣ್ಣೆಯನ್ನು ಗಂಧಕಾಮ್ಲದಿಂದ ಸಂಸ್ಕರಿಸಿ ಮಾಡುವ ಎಣ್ಣೆ ಇಂಥದ್ದರಲ್ಲಿ ಒಂದು. ಅಂದರೆ ನಾವು ಕೊಳ್ಳುವ ಹೊತ್ತಿಗೆ ಚರ್ಮ ತನಗೆ ಬೇಕಾದ ಎಣ್ಣೆಯನ್ನು ಕುಡಿದೇ ಬಂದಿರುತ್ತದೆ. ಮೇಲಿನಿಂದ ಬಣ್ಣದ ಒಂದು ಪದರವನ್ನೂ ಕೊಟ್ಟಿರುತ್ತಾರೆ.

ಹಾಗಾದರೆ ಅಜ್ಜಿ ಮಾಡುತ್ತಿದ್ದದ್ದು ತಪ್ಪಾ? ಖಂಡಿತ ಅಲ್ಲ. ಆಗಿನ ಎಕ್ಕಡ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮದ್ದು. ಮೇಲೆ ಬಣ್ಣದ ಪದರ ಇಲ್ಲ. ಗದ್ದೆ ಕೆಸರಲ್ಲಿ ನೆನೆಯುತ್ತಿತ್ತು, ಬಿಸಿಲಲ್ಲಿ ಒಣಗುತ್ತಿತ್ತು. ಪ್ರತಿ ಸಲ ನೆನೆದು ಒಣಗಿದಾಗಲೂ ಒಳಗಿನ ಎಣ್ಣೆ ಸ್ವಲ್ಪ ಹೋಗುತ್ತಿತ್ತು. ಅದನ್ನು ತುಂಬಲೇಬೇಕಿತ್ತು. ದಿನಾ ಕಾಲಲ್ಲಿ ಇರುತ್ತಿದ್ದರಿಂದ ಗಾಳಿಗೂ ಕೊರತೆ ಇರಲಿಲ್ಲ. ನಾನು ಅದೇ ಮದ್ದನ್ನು ವರ್ಷಕ್ಕೊಮ್ಮೆ ಬೀರುವಿನಿಂದ ಹೊರಬರುವ ಬ್ಯಾಗಿಗೆ ಕೊಟ್ಟೆ. ಗದ್ದೆ ಕೆಲಸದವರ ಊಟವನ್ನು ಹಾಸಿಗೆ ಹಿಡಿದವರಿಗೆ ಬಡಿಸಿದ ಹಾಗಾಯಿತು.

ಕೊಬ್ಬರಿ ಎಣ್ಣೆಯದ್ದು ಇನ್ನೊಂದು ತೊಂದರೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್ ರಾತ್ರಿ 16–17 ಡಿಗ್ರಿಗೆ ಇಳಿಯುವುದು ಮಾಮೂಲು. ಸ್ನಾನದ ಮನೆಯಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟುವ ಎಣ್ಣೆ ಬ್ಯಾಗಿನ ಮೇಲೆ ಮಾತ್ರ ಯಾಕೆ ಬಿಡುತ್ತದೆ? ಚರ್ಮ ಹೀರಲಾಗದೆ ಉಳಿದದ್ದೆಲ್ಲ ಮೇಲೆ ಬಂದು ಬಿಳಿ ಪೊರೆ ಕಟ್ಟಿತು. ಅಣ್ಣನ ಹೆಬ್ಬೆರಳಿನ ಬಿಸಿಗೆ ಅದೇ ಕರಗಿದ್ದು. ನೀವೂ ಈ ಪರೀಕ್ಷೆ ಮಾಡಬಹುದು. ಬೆರಳ ಬಿಸಿಗೋ ಹೇರ್ ಡ್ರೈಯರ್‌ನ ಉಗುರು ಬೆಚ್ಚನೆ ಗಾಳಿಗೋ ಕರಗಿ ಮಾಯವಾದರೆ ಅದು ಜಿಡ್ಡು. ಕರಗದೆ, ಉಜ್ಜಿದರೆ ಪುಡಿಯಾಗಿ ಬಂದು, ಮಣ್ಣು ವಾಸನೆ ಹೊಡೆದರೆ ಅದು ಬೂಷ್ಟು.

ಬೂಷ್ಟಿನ ವಿಷಯದಲ್ಲಿ ನಮ್ಮ ಊರಿನ ಹವೆ ಬಹಳ ಮುಖ್ಯ. ಬೂಷ್ಟಿನ ಬೀಜಾಣು ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ, ಅದನ್ನು ತಡೆಯುವುದು ಯಾರಿಂದಲೂ ಆಗದು. ಅದು ಮೊಳೆಯಬೇಕಾದರೆ ತೇವ ಬೇಕು. ಗಾಳಿಯ ತೇವಾಂಶ ಶೇ. 65–70 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು. ತಿನ್ನಲು ಚರ್ಮದ ಮೇಲಿನ ಬೆವರು, ಕೊಳೆ, ಧೂಳು ಇದ್ದೇ ಇದೆ. ಎಣ್ಣೆ ಸಿಕ್ಕರೆ ಹಬ್ಬದೂಟ. ಮೈಸೂರು, ಮಂಡ್ಯದ ಕಡೆ ಮಳೆ ಎರಡು ಸಲ ಜೋರು: ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ನಡುವೆ ಮೋಡ, ಸೋನೆ. ಬೆಳಗಿನ ಹೊತ್ತು ತೇವಾಂಶ ಶೇ. 80 ದಾಟುವುದು ಸಾಮಾನ್ಯ.

ಈಗ ದಸರಾ ಯಾವಾಗ ಬರುತ್ತದೆ ನೋಡಿ. ಸರಿಯಾಗಿ ಆ ಎರಡನೇ ಮಳೆಯ ಕಾಲಕ್ಕೆ. ನಾವು ಆಯುಧಪೂಜೆಗೆಂದು ಎಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿತು ಅಂದುಕೊಂಡು ಕಟ್ಟಿಡುವುದು ವರ್ಷದ ಒದ್ದೆ ದಿನಗಳಲ್ಲಿ. ಪ್ಲಾಸ್ಟಿಕ್ ಕವರಿನೊಳಗೆ ಆ ತೇವವನ್ನೂ ಸೇರಿಸಿ ಗಂಟು ಹಾಕುತ್ತೇವೆ. ಹಬ್ಬದ ಸಡಗರದಲ್ಲಿ ಒರೆಸಿ ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒಳಗಿಡುವ ಮೊದಲು ಎರಡು ಮೂರು ದಿನ ಫ್ಯಾನ್ ಕೆಳಗೆ ಬಿಡಿ. ನಿಜವಾದ ಆರೈಕೆಯನ್ನು ಸಂಕ್ರಾಂತಿಯ ಆಚೆಗೆ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಗಾಳಿ ಒಣಗಿರುತ್ತದೆ, ಚರ್ಮವೂ ಒಣಗಿರುತ್ತದೆ. ಲೆದರ್ ಕ್ರೀಮ್ ಹಚ್ಚುವುದಿದ್ದರೆ ಆಗ, ವರ್ಷಕ್ಕೆ ಒಂದು ಸಲ. ಕಡಲೆಕಾಳಿನಷ್ಟು ಕ್ರೀಮನ್ನು ಬಟ್ಟೆಗೆ ತೆಗೆದುಕೊಂಡು ಒಂದು ಬದಿಗೆಲ್ಲ ತೆಳ್ಳಗೆ ಹರಡಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿದರೆ ಮುಗಿಯಿತು. ಕೈಗೆ ಜಿಡ್ಡು ತಾಗಿದರೆ ಜಾಸ್ತಿ ಆಯಿತು ಎಂದರ್ಥ.

ಬೂಷ್ಟು ಬಂದೇ ಬಿಟ್ಟಿದ್ದರೆ ನಾನು ಮೊದಲು ಮಾಡಿದ ಹಾಗೆ ಹಾಲಿನಲ್ಲಿ ಕೂತು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಒದ್ದೆ ಬಟ್ಟೆ ಬೂಷ್ಟನ್ನು ತೆಗೆಯುವುದಕ್ಕಿಂತ ಹರಡುವುದೇ ಹೆಚ್ಚು. ವಸ್ತುವನ್ನು ಟೆರೇಸಿಗೋ ಅಂಗಳಕ್ಕೋ ಒಯ್ಯಿರಿ. ಬಾಯಿ ಮೂಗಿಗೆ ಮಾಸ್ಕ್ ಇರಲಿ, ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಹಳೇ ಟೂತ್ ಬ್ರಷ್‌ನಲ್ಲಿ ಒಣಗಿದ್ದಾಗಲೇ ಉದುರಿಸಿ. ಹೊಲಿಗೆಯ ಸಾಲು, ಬಕಲಿನ ಹಿಂಭಾಗ, ಜಿಪ್ಪಿನ ಮಡಿಕೆ, ಒಳಗಿನ ಬಟ್ಟೆಯ ಮೂಲೆ, ಇಲ್ಲೆಲ್ಲ ಅದು ಅಡಗಿ ಕೂತಿರುತ್ತದೆ. ಆಮೇಲೆ ಸರ್ಜಿಕಲ್ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿ ಚೆನ್ನಾಗಿ ಹಿಂಡಿ, ಬರೀ ಆ ಜಾಗವನ್ನು ಒರೆಸಿ. ಮೊದಲು ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಪರೀಕ್ಷೆ ಆಗಬೇಕು, ಕೆಲವು ಚರ್ಮದ ಬಣ್ಣ ಸ್ಪಿರಿಟ್‌ಗೆ ಕಿತ್ತು ಬರುತ್ತದೆ. ಕೊನೆಗೆ ನೆರಳಲ್ಲಿ, ಗಾಳಿ ಆಡುವ ಕಡೆ ಒಂದು ದಿನ ಪೂರ್ತಿ ಇಡಿ. ಬೀರುವಿನ ಆ ಅರೆಯನ್ನೂ ಒರೆಸಿ ಒಣಗಿಸದಿದ್ದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ನುಸಿಗುಳಿಗೆಗೆ ಬೂಷ್ಟನ್ನು ತಡೆಯುವ ಶಕ್ತಿ ಇಲ್ಲ. ಅದು ಹುಳುವಿಗೆ. ಕರ್ಪೂರವೂ ಅಷ್ಟೇ, ಬೂಷ್ಟಿನ ಮಟ್ಟಿಗೆ ಹೇಳಿಕೊಳ್ಳುವ ಲಾಭವಿಲ್ಲ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಕೆಲಸ ಮಾಡುತ್ತದೆ, ಆದರೆ ಆ ಪುಟ್ಟ ಪೊಟ್ಟಣ ಬಾಗಿಲು ತೆಗೆದು ಹಾಕಿ ಮಾಡುವ ಬೀರುವಿಗೆ ಯಾವ ಮೂಲೆಗೆ? ಒಮ್ಮೆ ತೇವ ಕುಡಿದು ಹೊಟ್ಟೆ ತುಂಬಿದರೆ ಮತ್ತೆ ಒಣಗಿಸುವ ತನಕ ಬರೀ ಕಲ್ಲು. ಪ್ಲಾಸ್ಟಿಕ್ ಬದಲು ಹಳೇ ದಿಂಬಿನ ಕವರು, ಹಳೇ ಪಂಚೆ ಸಾಕು. ಬೀರುವನ್ನು ಮಳೆ ಹೊಡೆಯುವ ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ. ಬ್ಯಾಗಿನ ಹೊಟ್ಟೆಗೆ ಬಿಳಿ ಕಾಗದ ತುರುಕಿ ಕೂರಿಸಿ, ಪಟ್ಟಿ ಹಿಡಿದು ನೇತುಹಾಕಬೇಡಿ, ಜಗ್ಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಅದನ್ನು ಬಳಸುವುದು. ವಾರಕ್ಕೊಮ್ಮೆ ಹೊರಗೆ ಹೋಗುವ ಬ್ಯಾಗಿಗೆ ಬೂಷ್ಟು ಬಂದದ್ದನ್ನು ನಾನು ನೋಡಿಲ್ಲ.

ಇನ್ನು ಬೆಂಕಿಯ ವಿಷಯ. ನನ್ನ ತಮ್ಮ ಒಂದು ಜುಲೈನಲ್ಲಿ ಬೈಕಿನಲ್ಲಿ ನೆನೆದುಕೊಂಡು ಊರಿಗೆ ಬಂದ. ಶೂ ತೊಪ್ಪೆಯಾಗಿತ್ತು. ಬೆಳಗ್ಗೆಗೆ ಒಣಗಲಿ ಎಂದು ನೀರೊಲೆಯ ಪಕ್ಕ ಇಟ್ಟು ಮಲಗಿದ. ಬೆಳಗ್ಗೆ ಅದು ಸುಟ್ಟ ಹಪ್ಪಳದ ಹಾಗೆ ಮುದುಡಿ ಕೂತಿತ್ತು. ಕಾಲು ಒಳಗೆ ಹೋಗಲೇ ಇಲ್ಲ.

ಅದಕ್ಕೆ ಕಾರಣ ಇದು. ಒದ್ದೆಯಾದ ಕೊಲಾಜೆನ್‌ಗೆ ಒಂದು ಬಿಸಿಯ ಮಿತಿ ಇದೆ. ಹಸಿ ತೊಗಲಾದರೆ 60–65 ಡಿಗ್ರಿಗೇ ನಾರು ಬಿಚ್ಚಿಕೊಂಡು ಸೆಡೆಯುತ್ತದೆ, ಅಂಟಿನ ಕಡೆಗೆ ತಿರುಗುತ್ತದೆ. ತೊಗಟೆಯ ಹದದ ಚರ್ಮ 70–85 ಡಿಗ್ರಿವರೆಗೆ ತಡೆಯುತ್ತದೆ. ಒಳ್ಳೆಯ ಕ್ರೋಮ್ ಚರ್ಮ ಕುದಿಯುವ ನೀರನ್ನೂ ತಡೆದೀತು, ಆದರೆ ಅದರ ಶೂವಿನಲ್ಲಿ ಅಂಟು ಇದೆ, ಅಟ್ಟೆ ಇದೆ, ಅವು ತಡೆಯುವುದಿಲ್ಲ. ನೀರೊಲೆ, ಬೈಕಿನ ಸೈಲೆನ್ಸರ್, ಜೋರು ಬಿಸಿಯ ಹೇರ್ ಡ್ರೈಯರ್ ಎಲ್ಲ ಒಂದೇ. ಒಮ್ಮೆ ಸೆಡೆತ ನಾರು ಮತ್ತೆ ಹಿಂದಿನಂತಾಗುವುದಿಲ್ಲ, ಯಾವ ಎಣ್ಣೆಯಿಂದಲೂ. ನೆಂದ ಶೂವಿಗೆ ಕಾಗದ ತುಂಬಿ, ಒಂದು ಗಂಟೆಗೊಮ್ಮೆ ಕಾಗದ ಬದಲಿಸಿ, ಮಗ್ಗುಲಾಗಿ ಮಲಗಿಸಿ ಫ್ಯಾನ್ ಗಾಳಿಗೆ ಬಿಡಿ. ಎರಡು ದಿನ ಆಗುತ್ತದೆ. ಆಗಲಿ ಬಿಡಿ.

ಇದನ್ನು ಹೇಳಿದಾಗ ತಮ್ಮ ಕೇಳಿದ, "ಮತ್ತೆ ಮಾರಿಹಬ್ಬದಲ್ಲಿ ತಮಟೆಯನ್ನು ಬೆಂಕಿಗೆ ಹಿಡೀತಾರಲ್ಲಕ್ಕ?" ಒಳ್ಳೆಯ ಪ್ರಶ್ನೆ. ತಮಟೆಯದ್ದು ಹದ ಮಾಡಿದ ಚರ್ಮ ಅಲ್ಲ, ಒಣಗಿಸಿ ಬಿಗಿದ ಹಸಿ ತೊಗಲು. ಅದು ಗಾಳಿಯ ತೇವ ಕುಡಿದು ಸಡಿಲವಾಗುತ್ತದೆ, ಬೆಂಕಿಯ ಕಾವಿಗೆ ತೇವ ಬಿಟ್ಟು ಬಿಗಿಯಾಗುತ್ತದೆ. ಬಾರಿಸುವವರು ಹುಲ್ಲಿನ ಉರಿಗೆ ಹಿಡಿದು, ಬೆರಳಲ್ಲಿ ತಟ್ಟಿ, ನಾದ ಕೇಳಿ ಸಾಕು ಅನ್ನುತ್ತಾರೆ. ಅಲ್ಲಿ ತೊಗಲು ತೊಪ್ಪೆ ಆಗಿರುವುದಿಲ್ಲ, ಕಾವೂ ಎರಡು ನಿಮಿಷದ್ದು. ತೊಗಲುಗೊಂಬೆಯೂ ಇದೇ ಜಾತಿ. ಬೆಳಕು ಹಾಯಬೇಕಾದ್ದರಿಂದ ತೊಗಲನ್ನು ತೆಳ್ಳಗೆ ಹೆರೆದು ಒಣಗಿಸಿ ಬಣ್ಣ ಹಾಕಿರುತ್ತಾರೆ. ಅಂಥದ್ದೊಂದು ಮನೆಯ ಗೋಡೆಗೆ ತಂದಿದ್ದರೆ ಅದಕ್ಕೆ ಎಣ್ಣೆ, ಕ್ರೀಮು, ಒದ್ದೆ ಬಟ್ಟೆ ಯಾವುದೂ ಬೇಡ. ಮೆತ್ತನೆ ಒಣ ಬ್ರಷ್ ಸಾಕು. ಬಿಸಿಲು ಬೀಳದ ಗೋಡೆ ಇರಲಿ.

ಈಗ ಜನ ಹೆಚ್ಚಾಗಿ ಹೇಳುವ ದೂರು. "ಶೂ ಎರಡೇ ಸಲ ಹಾಕಿದ್ದು, ಡಬ್ಬಿಯಲ್ಲೇ ಇಟ್ಟಿದ್ದೆ, ತೆಗೆದರೆ ಸಿಪ್ಪೆ ಸಿಪ್ಪೆ ಉದುರುತ್ತಿದೆ, ಏನು ಹಚ್ಚಲಿ?" ಏನೂ ಹಚ್ಚಬೇಡಿ, ಅದು ಚರ್ಮವೇ ಅಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಎಳೆದು ಚರ್ಮದ ಗೆರೆ ಒತ್ತಿದ್ದು. ಅದಕ್ಕೆ ಪಿಯು ಲೆದರ್ ಎಂದು ಹೆಸರು. ಗಾಳಿಯ ತೇವವೇ ಆ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಹಾಕಿದರೂ ಸರಿ, ಇಟ್ಟರೂ ಸರಿ. ರೆಕ್ಸಿನ್‌ನದ್ದು ಬೇರೆ ಕಥೆ. ಅದು ಸಾಮಾನ್ಯವಾಗಿ ಪಿವಿಸಿ. ಅದನ್ನು ಮೆತ್ತಗೆ ಇಟ್ಟಿರುವ ಪದಾರ್ಥ ವರ್ಷಗಳಲ್ಲಿ ಹೊರಬಂದು ಮೊದಲು ಅಂಟಂಟಾಗಿ, ಆಮೇಲೆ ಬಿರುಸಾಗಿ ಒಡೆಯುತ್ತದೆ. ಚರ್ಮದ ಚೂರುಗಳನ್ನು ಅರೆದು ಅಂಟು ಸೇರಿಸಿ ಹಾಳೆ ಮಾಡಿದ ಬಾಂಡೆಡ್ ಲೆದರ್ ಕೂಡ ಸಿಪ್ಪೆ ಏಳುತ್ತದೆ. ಅಂಗಡಿಯಲ್ಲಿ ನೋಡಬೇಕಾದ್ದು ಒಳಮೈ ಮತ್ತು ಅಂಚು. ನಾರುನಾರಾಗಿ ಇದ್ದರೆ ಚರ್ಮ, ನೇಯ್ಗೆಯ ಎಳೆ ಕಂಡರೆ ಬಟ್ಟೆ. ಅಂಚನ್ನು ಎಲ್ಲ ಕಡೆ ಮಡಚಿ ಬಣ್ಣ ಬಳಿದು ಮುಚ್ಚಿದ್ದರೆ ಸ್ವಲ್ಪ ಅನುಮಾನ ಪಡಿ. ಕಡ್ಡಿ ಗೀರಿ ಸುಟ್ಟು ನೋಡುವ ಸಾಹಸ ಮಾತ್ರ ಬೇಡ.

ನಿಜವಾದ ಚರ್ಮದಲ್ಲೂ ಯಾವುದಕ್ಕೆ ಏನು ಎಂದು ತಿಳಿಯಲು ಒಂದು ಹನಿ ನೀರು ಸಾಕು. ಮರೆಯ ಜಾಗದಲ್ಲಿ ಹನಿ ಬಿಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿದರೆ ಮೇಲೆ ಬಣ್ಣದ ಪದರ ಇದೆ. ಹಿಂಡಿದ ಒದ್ದೆ ಬಟ್ಟೆಯ ಒರೆತವೇ ಅದಕ್ಕೆ ಬಹುಪಾಲು ಸಾಕು, ಕೊಬ್ಬರಿ ಎಣ್ಣೆ ಒಳಗೇ ಹೋಗುವುದಿಲ್ಲ. ಹನಿಯನ್ನು ಕುಡಿದು ಕಪ್ಪಾದರೆ ತೆರೆದ ಚರ್ಮ. ಕ್ರೀಮು ಅದಕ್ಕೆ ಹಿಡಿಯುತ್ತದೆ, ಹಾಗೆಯೇ ಸಾಂಬಾರಿನ ಕಲೆಯೂ. ಮಖಮಲ್ಲಿನ ಹಾಗೆ ಇರುವ ಸ್ವೀಡ್‌ಗೆ ಬ್ರಷ್ ಬಿಟ್ಟು ಇನ್ನೇನೂ ಮುಟ್ಟಿಸಬೇಡಿ.

ಬಟ್ಟೆ ಸೋಪು, ಪಾತ್ರೆ ಸೋಪು ಬೇಡ. ಚರ್ಮ ಸ್ವಲ್ಪ ಹುಳಿಯ ಕಡೆಗಿರುವ ವಸ್ತು, ಸೋಪು ಕ್ಷಾರ. ಎರಡಕ್ಕೂ ಆಗಿಬರುವುದಿಲ್ಲ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಪರ್ಸ್ ಹಿಡಿದು ಬಣ್ಣ ಕಳೆದವರು ಕೋವಿಡ್ ಕಾಲದಲ್ಲಿ ಬೇಕಾದಷ್ಟು ಜನ. ಶೂ ಪಾಲಿಶಿನ ವಿಷಯಕ್ಕೆ ಬಂದರೆ, ಸ್ಪಂಜು ಇರುವ ಬಾಟಲಿಯ ದ್ರವ ಪಾಲಿಶ್ ಅವಸರಕ್ಕೆ ಸರಿ, ದಿನಾ ಬಳಿದರೆ ಪದರದ ಮೇಲೆ ಪದರ ಕಟ್ಟಿ ಮಡಿಕೆಯಲ್ಲಿ ಒಡೆಯುತ್ತದೆ. ಡಬ್ಬಿಯ ಮೇಣದ ಪಾಲಿಶೇ ವಾಸಿ, ಅದೂ ತೆಳ್ಳಗೆ. ಒಂದೇ ಶೂವನ್ನು ದಿನಾ ಹಾಕದೆ ಮಧ್ಯೆ ಒಂದು ದಿನ ಬಿಟ್ಟರೆ ಒಳಗಿನ ಬೆವರು ಆರುತ್ತದೆ. ಪಾಲಿಶ್‌ಗಿಂತ ಇದರಿಂದಲೇ ಶೂ ಜಾಸ್ತಿ ದಿನ ಬಾಳುತ್ತದೆ.

ಬ್ಯಾಗಿನ ಕಥೆ ಹೇಳಿಬಿಡುತ್ತೇನೆ. ಅಣ್ಣ ಹೇಳಿದ ಹಾಗೆ ಮಾರ್ಚ್‌ವರೆಗೆ ಕಾದೆ. ಮಧ್ಯಾಹ್ನದ ಸೆಕೆಗೆ ಎಣ್ಣೆ ತಾನೇ ಕರಗಿ ತೆಳುವಾಗಿತ್ತು. ನೆರಳಲ್ಲಿಟ್ಟು, ಹಳೇ ಪಂಚೆಯ ತುಂಡನ್ನು ಒತ್ತಿ ಒತ್ತಿ ಹೀರಿಸಿದೆ. ಮೇಲೆ ಮುಲ್ತಾನಿ ಮಿಟ್ಟಿ ಉದುರಿಸಿ ಒಂದು ದಿನ ಬಿಟ್ಟು ಕೊಡವಿದೆ. ಹೀಗೆ ನಾಲ್ಕು ಸಲ. ಬೂಷ್ಟು ಮತ್ತೆ ಬಂದಿಲ್ಲ, ಬಿಳಿ ಪೊರೆಯೂ ಇಲ್ಲ. ಮುಚ್ಚಳದ ಮೇಲೆ ಅಂಗೈ ಅಗಲದ ಒಂದು ಕಪ್ಪು ಕಲೆ ಮಾತ್ರ ಉಳಿಯಿತು. ನಾನು ಮೊದಲು ಎಣ್ಣೆ ಸುರಿದ ಜಾಗ ಅದು.

ಪಟ್ಟಿಯ ಹೊಲಿಗೆ ಬಿಟ್ಟಿತ್ತು, ಮತ್ತೆ ಅಣ್ಣನ ಬಳಿ ಹೋದೆ. ಅವರು ದಾರಕ್ಕೆ ಮೇಣ ತೀಡಿ, ಹಳೇ ತೂತಿನಲ್ಲೇ ದಬ್ಬಳ ಹಾಯಿಸಿ ಹೊಲಿಯುತ್ತಿದ್ದರು. ಹೊಸ ತೂತು ಹಾಕಿದರೆ ಚರ್ಮ ಅಂಚೆಚೀಟಿಯ ಹಾಗೆ ಹರಿದುಬಿಡುತ್ತದಂತೆ. ಕೊನೆಯ ಗಂಟು ಹಾಕುವಾಗ ನಾನು ಆ ಕಲೆ ತೋರಿಸಿ, "ಇದಕ್ಕೆ ಏನಾದ್ರೂ ಹಚ್ಚಬಹುದಾ ಅಣ್ಣ?" ಎಂದೆ.

ಅವರು ತಲೆ ಎತ್ತಿ ನೋಡಿದರು. "ಇನ್ನೂ ಹಚ್ತೀರಾ?"